ನನ್ನ ಫೋನಿನಲ್ಲಿ ಬೇರೆಯವರ ಮಕ್ಕಳು

ಕಳೆದ ತಿಂಗಳು ನನ್ನ ಫೋನು ಹಟ ಹಿಡಿಯಿತು. ಜಾಗ ಇಲ್ಲ, ಏನಾದರೂ ತೆಗೆದುಹಾಕಿ ಎಂದು ದಿನಕ್ಕೆ ನಾಲ್ಕು ಸಲ ಹೇಳತೊಡಗಿತು. ಒಂದು ಭಾನುವಾರ ಮಧ್ಯಾಹ್ನ ಪುರುಸೊತ್ತು ಮಾಡಿಕೊಂಡು ಗ್ಯಾಲರಿ ತೆರೆದು ಕೂತೆ. ನಾಲ್ಕು ಸಾವಿರಕ್ಕೂ ಮೇಲೆ ಫೋಟೋ. ಜಾರಿಸುತ್ತಾ ಹೋದ ಹಾಗೆ ಗೊತ್ತಾಯಿತು, ನನ್ನ ಮಗಳ ಫೋಟೋಗಿಂತ ಬೇರೆಯವರ ಮಕ್ಕಳ ಫೋಟೋನೇ ಇದರಲ್ಲಿ ಜಾಸ್ತಿ. ಓಟದ ಗೆರೆಯ ಮೇಲೆ ನಿಂತವರು, ವೇಷ ಹಾಕಿಕೊಂಡವರು, ಚಾರ್ಟ್ ಹಿಡಿದವರು, ಶಾಲೆಯ ಮೊದಲ ದಿನ ಬಾಯಿ ಬಿಟ್ಟು ಅತ್ತವರು. ಕೆಲವರು ನಮ್ಮ ಶಾಲೆ ಬಿಟ್ಟು ಎಷ್ಟೋ ವರ್ಷ ಆಗಿದೆ. ಒಬ್ಬಳು ಈಗ ಕಾಲೇಜು ಮುಗಿಸಿದ್ದಾಳೆ. ನನ್ನ ಫೋನಿನಲ್ಲಿ ಮಾತ್ರ ಅವಳಿನ್ನೂ ಎರಡನೇ ಕ್ಲಾಸು, ಮುಂದಿನ ಎರಡು ಹಲ್ಲು ಇಲ್ಲ.

ಶಾಲೆಯ ಕೆಲಸಕ್ಕೆ ತೆಗೆದದ್ದು, ನಿಜ. ಆದರೆ ಫೋನು ನನ್ನದು. ಅದರಲ್ಲಿ ತೆಗೆದದ್ದೆಲ್ಲ ತಾನಾಗಿಯೇ ನನ್ನ ಸ್ವಂತ ಗೂಗಲ್ ಖಾತೆಗೆ ಹೋಗಿ ಕೂರುತ್ತದೆ. ಮನೆಗೆ ಬಂದ ನೆಂಟರ ಹುಡುಗ ಗೇಮ್ ಆಡೋಕೆ ಇದೇ ಫೋನು ಕೇಳುತ್ತಾನೆ, ನಾನೂ ಕೊಡುತ್ತೇನೆ. ಇದಕ್ಕಿಂತ ಹಿಂದಿನ ಫೋನನ್ನು ಅಂಗಡಿಗೆ ಕೊಟ್ಟು ಹೊಸದು ತಂದಾಗ ಅದರಲ್ಲಿದ್ದ ಮಕ್ಕಳನ್ನೆಲ್ಲ ಅಳಿಸಿದ್ದೆನಾ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕ್ಲಾಸಿಗೆ ಕ್ಯಾಮೆರಾ ಬಂದದ್ದು ಹೇಗೆ ಅಂತ ನೋಡಿದ್ದೇನೆ. ಮೊದಲು ವರ್ಷಕ್ಕೊಂದು ಗ್ರೂಪ್ ಫೋಟೋ ಇರುತ್ತಿತ್ತು. ನನ್ನದೇ ಏಳನೇ ಕ್ಲಾಸಿನ ಫೋಟೋದಲ್ಲಿ ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೇನೆ. ಆ ವಿಷಯ ನಲವತ್ತು ಮನೆಯವರಿಗೆ ಬಿಟ್ಟು ಜಗತ್ತಿನಲ್ಲಿ ಇನ್ಯಾರಿಗೂ ಗೊತ್ತಿಲ್ಲ. (ಇವತ್ತಿನವರೆಗೆ.) ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮಾಡಿದ ಪ್ರತಿ ಕಾರ್ಯಕ್ರಮಕ್ಕೂ ಫೋಟೋ ಬೇಕು ಅಂತ ಮೇಲಿನಿಂದ ಕೇಳತೊಡಗಿದರು. ಗಿಡ ನೆಟ್ಟರೆ ಫೋಟೋ, ಕೈ ತೊಳೆದರೆ ಫೋಟೋ. ಫೋಟೋ ಇಲ್ಲದಿದ್ದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಗ್ರೂಪಿಗೆ ಹಾಕಿದ್ದು ನಮ್ಮ ಸ್ಟೇಟಸ್‌ಗೂ ಬಂತು, ಸ್ಟೇಟಸ್‌ನಿಂದ ಫೇಸ್‌ಬುಕ್ಕಿಗೆ ಹೋಯಿತು. ಯಾರೂ ಬಲವಂತ ಮಾಡಿರಲಿಲ್ಲ. ನನಗೆ ಲೈಕ್ ಬೇಕಿತ್ತು. ಪಾಠ ಚೆನ್ನಾಗಿ ಮಾಡಿದ್ದೀರಿ ಅಂತ ಈ ಕೆಲಸದಲ್ಲಿ ಯಾರೂ ಹೇಳುವುದಿಲ್ಲ. ಫೋಟೋದ ಕೆಳಗೆ ‘ಸೂಪರ್ ಮೇಡಂ’ ಅಂತ ಬಿದ್ದರೆ ಆ ರಾತ್ರಿ ಸ್ವಲ್ಪ ಚೆನ್ನಾಗಿ ನಿದ್ದೆ ಬರುತ್ತಿತ್ತು, ಅಷ್ಟೇ.

ಬ್ಯಾಗಿನ ವಿಷಯ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಯವರು ನಮ್ಮ ಶಾಲೆಯ ಹನ್ನೆರಡು ಮಕ್ಕಳಿಗೆ ಬ್ಯಾಗ್ ಕೊಟ್ಟರು. ಒಳ್ಳೆಯ ಜನ, ಒಳ್ಳೆಯ ಬ್ಯಾಗು. ಐದನೇ ಕ್ಲಾಸಿನ ಒಬ್ಬ ಹುಡುಗನ ಸರದಿ ಬಂದಾಗ ಫೋಟೋ ತೆಗೆದವಳು ನಾನು. ಬ್ಯಾಗಿನ ಒಂದು ಪಟ್ಟಿ ಅವನ ಕೈಯಲ್ಲಿ. ಉಳಿದ ಬ್ಯಾಗಿನ ಮೇಲೆ ಐದು ಜನ ದೊಡ್ಡವರ ಕೈ. ದೊಡ್ಡವರೆಲ್ಲ ಕ್ಯಾಮೆರಾ ನೋಡುತ್ತಿದ್ದರು, ಅವನು ಮಾತ್ರ ಬ್ಯಾಗಿನ ಜಿಪ್ ನೋಡುತ್ತಿದ್ದ. ‘ಈ ಕಡೆ ನೋಡೋ’ ಅಂದೆ. ನೋಡಿದ. ‘ಸ್ವಲ್ಪ ನಗೋ’ ಅಂದೆ. ನಕ್ಕ. ಸಂಜೆ ಅದನ್ನು ಹಾಕಿ ಮೇಲೆ ಬರೆದೆ: ‘ಕಷ್ಟದಲ್ಲಿರುವ ನಮ್ಮ ಮಕ್ಕಳಿಗೆ ಆಸರೆ.’

ಮುನ್ನೂರು ಲೈಕ್ ದಾಟಿತು. ಸಂಸ್ಥೆಯವರು ತಮ್ಮ ಪುಟಕ್ಕೂ ಹಾಕಿಕೊಂಡರು.

ಮುಂದಿನ ವಾರ ಹುಡುಗ ಹಳೇ ಬ್ಯಾಗನ್ನೇ ತಂದ. ಜಿಪ್ ಹೋಗಿ ಪಿನ್ ಚುಚ್ಚಿದ್ದ ಬ್ಯಾಗು. ಹೊಸದು ಎಲ್ಲೋ ಅಂತ ಕೇಳಿದೆ. ಸುಮ್ನೆ ನಿಂತ. ಇನ್ನೊಂದು ಸಲ ಕೇಳಿದ್ದಕ್ಕೆ ಹೇಳಿದ, ‘ಅದು ಫೋಟೋದಲ್ಲಿರೋ ಬ್ಯಾಗು ಮಿಸ್.’

ನನಗೆ ಅರ್ಥ ಆಗಲಿಲ್ಲ. ಎರಡು ದಿನ ಬಿಟ್ಟು ಅವನ ಪಕ್ಕ ಕೂರುವ ಹುಡುಗಿ ಹೇಳಿದಳು. ಟ್ಯೂಷನ್ನಿನಲ್ಲಿ ದೊಡ್ಡ ಹುಡುಗರು ಆ ಫೋಟೋ ನೋಡಿದ್ದರಂತೆ. ಅವನಿಗೆ ‘ಆಸರೆ’ ಅಂತ ಹೆಸರಿಟ್ಟಿದ್ದರಂತೆ. ಆಸರೆ ಬಂದ, ಆಸರೆ ಹೋದ, ಆಸರೆಗೆ ಪೆನ್ನು ಕೊಡ್ರೋ. ನಾನು ಪ್ರೀತಿಯಿಂದ ಆರಿಸಿ ಬರೆದ ಪದ ಅದು.

ಆ ಫೋಟೋದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಯಾವ ನಿಯಮದ ಪುಸ್ತಕ ಹಿಡಿದು ನೋಡಿದರೂ ಅದು ಅಪಾಯದ ಫೋಟೋ ಅಲ್ಲ. ಮಕ್ಕಳ ಖಾಸಗಿತನ ಅಂದ ತಕ್ಷಣ ನಮಗೆ ಕತ್ತಲಲ್ಲಿ ಕೂತ ಯಾರೋ ದುಷ್ಟನ ಚಿತ್ರ ಬರುತ್ತದೆ. ಅವನೂ ಇದ್ದಾನೆ, ಅವನ ಮಾತಿಗೆ ಬರುತ್ತೇನೆ. ಆದರೆ ಆ ಹುಡುಗನಿಗೆ ತೊಂದರೆ ಮಾಡಿದ್ದು ಅಂಥವನಲ್ಲ. ಮನೆಯಲ್ಲಿ ಬ್ಯಾಗಿಗೆ ದುಡ್ಡಿಲ್ಲ ಅನ್ನುವುದು ಅವನ ಮನೆಯ ಮಾತು. ಅದನ್ನು ಯಾರಿಗೆ ಹೇಳಬೇಕು, ಹೇಳಬೇಕಾ ಬೇಡವಾ ಅನ್ನುವುದನ್ನು ಅವನು ತೀರ್ಮಾನಿಸಬೇಕಿತ್ತು. ನಾನು ಹೇಳಿಬಿಟ್ಟೆ. ಮುನ್ನೂರು ಜನಕ್ಕೆ.

ಆಗ ನಾನೊಂದು ಕೆಲಸ ಮಾಡಿದೆ. ಅಪರಿಚಿತರ ಹಾಗೆ ನನ್ನದೇ ಪೋಸ್ಟುಗಳನ್ನು ನೋಡುತ್ತಾ ಹೋದೆ. ಸಿಐಡಿ ಕೆಲಸ ಅಂತಲೇ ಇಟ್ಟುಕೊಳ್ಳಿ. ಚಿತ್ರಕಲೆಯಲ್ಲಿ ಬಹುಮಾನ ಬಂದ ಹುಡುಗಿಯ ಫೋಟೋ ಒಂದಿತ್ತು. ಹೆಸರು ನಾನೇ ಬರೆದಿದ್ದೆ, ಅದು ಬಿಡಿ. ಕೈಯಲ್ಲಿ ಹಿಡಿದ ಪ್ರಮಾಣಪತ್ರವನ್ನು ದೊಡ್ಡದು ಮಾಡಿದೆ. ಅಪ್ಪನ ಹೆಸರು ಇದೆ, ಹುಟ್ಟಿದ ದಿನ ಇದೆ. ಯೂನಿಫಾರ್ಮಿನ ಜೇಬಿನ ಮೇಲೆ ಶಾಲೆಯ ಗುರುತು. ಕೊರಳಲ್ಲಿ ಗುರುತಿನ ಚೀಟಿ, ಅದರಲ್ಲಿ ವ್ಯಾನಿನ ನಂಬರು. ಹಿಂದಿನ ಬೋರ್ಡಿನ ಮೂಲೆಯಲ್ಲಿ ತರಗತಿ ಮತ್ತು ತಾರೀಖು. ಗೋಡೆಯ ಮೇಲೆ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವ ಪಟ್ಟಿ. ಅದರಲ್ಲಿ ಆರು ಮನೆಯ ನಂಬರು ಸಲೀಸಾಗಿ ಓದಬಹುದಿತ್ತು. ಕೆಳಗೆ ಒಬ್ಬರು ಸಂಬಂಧಿಕರು ‘ನಮ್ಮ ಪುಟ್ಟಿ’ ಅಂತ ಮನೆಯಲ್ಲಿ ಕರೆಯುವ ಹೆಸರನ್ನೂ ಹಾಕಿದ್ದರು. ಗೇಟಿನ ಹತ್ತಿರ ನಿಂತು ಆ ಹೆಸರಿನಿಂದ ಕರೆದರೆ ಯಾವ ಮಗು ತಿರುಗಿ ನೋಡುವುದಿಲ್ಲ?

ಇಷ್ಟೂ ಒಂದೇ ಫೋಟೋದಲ್ಲಿ. ತೆಗೆಯುವಾಗ ನನಗೆ ಕಂಡಿದ್ದು ಅವಳ ನಗು ಮಾತ್ರ.

ವಾಟ್ಸಾಪ್ ಫೋಟೋ ಕಳಿಸುವಾಗ ಜಾಗದ ಮಾಹಿತಿಯನ್ನು ತೆಗೆದುಬಿಡುತ್ತೆ, ಏನೂ ಆಗಲ್ಲ ಅಂತ ನಮ್ಮ ಕಂಪ್ಯೂಟರ್ ಮೇಷ್ಟ್ರು ಧೈರ್ಯ ಹೇಳಿದರು. ಅದು ಸರಿಯೇ. ಫೋನಿನಲ್ಲಿ ತೆಗೆದ ಫೋಟೋದ ಒಳಗೆ ಎಲ್ಲಿ, ಎಷ್ಟು ಹೊತ್ತಿಗೆ ತೆಗೆದದ್ದು ಅನ್ನುವುದು ಸೇರಿಕೊಂಡಿರಬಹುದು. ಮಾಮೂಲಿ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಉದುರಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆದರೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಯಾವ ಆ್ಯಪ್ ಉದುರಿಸುತ್ತದೆ?

ಇನ್ನು ಆ ಕತ್ತಲಿನವನು. ಅವನು ಈಗ ಮನುಷ್ಯನೇ ಆಗಿರಬೇಕಿಲ್ಲ. ಕ್ಲಿಯರ್‌ವ್ಯೂ ಎಐ ಎಂಬ ಅಮೆರಿಕದ ಕಂಪನಿ ಫೇಸ್‌ಬುಕ್, ಯೂಟ್ಯೂಬ್‌ನಂಥ ಜಾಗಗಳಿಂದ 300 ಕೋಟಿಗೂ ಹೆಚ್ಚು ಚಿತ್ರ ಗುಡಿಸಿಕೊಂಡು, ಮುಖ ನೋಡಿ ಹೆಸರು ಹೇಳುವ ಯಂತ್ರ ಮಾಡಿದೆ ಎಂದು 2020ರ ಜನವರಿಯಲ್ಲಿ ಬಯಲಾಯಿತು. 2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಲಯಾನ್-5ಬಿ ಎಂಬ ಚಿತ್ರರಾಶಿಯಲ್ಲಿ ಹುಡುಕಿತು. ಎಐ ಯಂತ್ರಗಳಿಗೆ ಚಿತ್ರ ಕಲಿಸಲು ಬಳಸುವ, 500 ಕೋಟಿಗೂ ಹೆಚ್ಚು ಚಿತ್ರಗಳ ಲಿಂಕಿನ ರಾಶಿ ಅದು. ಅದರ ತೀರಾ ಚಿಕ್ಕ ಚೂರು ನೋಡಿದ್ದಕ್ಕೇ ಬ್ರೆಜಿಲ್‌ನ 170 ಮಕ್ಕಳ ಫೋಟೋ, ಆಸ್ಟ್ರೇಲಿಯಾದ 190 ಮಕ್ಕಳ ಫೋಟೋ ಸಿಕ್ಕವು. ಕೆಲವದರ ಜೊತೆ ಹೆಸರೂ ಇತ್ತು. ಮನೆಯವರು ಹಾಕಿದವು ಇದ್ದವು, ಶಾಲೆಗಳು ಹಾಕಿದವೂ ಇದ್ದವು.

ಅದಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಸ್ಪೇನಿನ ಅಲ್ಮೆಂದ್ರಾಲೆಹೋ ಎಂಬ ಚಿಕ್ಕ ಊರು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ 20ಕ್ಕೂ ಹೆಚ್ಚು ಹುಡುಗಿಯರ ನಗ್ನ ಚಿತ್ರಗಳು ಫೋನಿಂದ ಫೋನಿಗೆ ಓಡಾಡಿದವು. ವಯಸ್ಸು 11ರಿಂದ 17. ಅಂಥ ಚಿತ್ರ ಯಾರೂ ತೆಗೆದಿರಲೇ ಇಲ್ಲ. ಜಾಲತಾಣದಲ್ಲಿದ್ದ ಮಾಮೂಲಿ, ಮೈತುಂಬ ಬಟ್ಟೆ ತೊಟ್ಟ ಫೋಟೋಗಳನ್ನು ಒಂದು ಆ್ಯಪಿಗೆ ಕೊಟ್ಟು ಮಾಡಿಸಿದ್ದು. ಮಾಡಿದವರು ಅದೇ ಊರಿನ ಹುಡುಗರು. ಮರುವರ್ಷ ನ್ಯಾಯಾಲಯ 15 ಅಪ್ರಾಪ್ತರಿಗೆ ಒಂದು ವರ್ಷದ ಪ್ರೊಬೇಷನ್ ಹಾಕಿತು, ಅಂದರೆ ಜೈಲಿಲ್ಲ, ನಿಗಾದಲ್ಲಿ ಇರಬೇಕು. ಆ ಫೋಟೋಗಳನ್ನು ಹಾಕಿದ್ದು ಶಾಲೆಯಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಕ್ರೀಡಾಕೂಟದ ಆಲ್ಬಮ್ಮಿನಲ್ಲಿ ಇರುವುದೂ ಅಂಥ ಮಾಮೂಲಿ ಫೋಟೋಗಳೇ ಅಲ್ವಾ?

ಇಷ್ಟೆಲ್ಲ ಓದಿದ ಮೇಲೂ ನಾನು ಪೂರ್ತಿ ಬದಲಾಗಿರಲಿಲ್ಲ. ಬದಲಾಯಿಸಿದ್ದು ಒಬ್ಬ ತಾಯಿ. ವಾರ್ಷಿಕೋತ್ಸವ ಮುಗಿದ ಮಾರನೇ ದಿನ ಸ್ಟಾಫ್ ರೂಮಿನ ಬಾಗಿಲ ಹತ್ತಿರ ನಿಂತಿದ್ದರು. ಮಗಳು ಹೊಸದಾಗಿ ಸೇರಿದ್ದಳು.

‘ಮೇಡಂ, ಗ್ರೂಪ್ ಡ್ಯಾನ್ಸ್ ಫೋಟೋ ಫೇಸ್‌ಬುಕ್ಕಲ್ಲಿ ಹಾಕಿದೀರಲ್ಲ, ಅದನ್ನ ತೆಗೀತೀರಾ?’

‘ಯಾಕಮ್ಮ? ಚೆನ್ನಾಗಿ ಬಂದಿದೆ. ನಿಮ್ಮ ಮಗಳು ಹಿಂದಿನ ಸಾಲಲ್ಲಿದ್ದಾಳೆ, ಸರಿಯಾಗಿ ಕಾಣೋದೂ ಇಲ್ಲ.’

‘ಕಾಣೋರಿಗೆ ಕಾಣತ್ತೆ ಮೇಡಂ.’

ನನಗೆ ಒಳಗೊಳಗೇ ಕಿರಿಕಿರಿ. ಮೂವತ್ತು ಮಕ್ಕಳ ಫೋಟೋ, ಇಪ್ಪತ್ತೊಂಬತ್ತು ಮನೆಯವರಿಗೆ ಖುಷಿ, ಇವರೊಬ್ಬರಿಗೆ ಏನು ತಕರಾರು ಅಂತ. ಏನಾದರೂ ತೊಂದರೆನಾ ಅಂತ ಕೇಳಿದೆ. ಅವರು ಕಾರಿಡಾರಿನ ಆ ತುದಿ, ಈ ತುದಿ ನೋಡಿ, ಅರ್ಧ ವಾಕ್ಯದಲ್ಲಿ ಹೇಳಿದರು. ಒಂದು ಮನೆ ಬಿಟ್ಟು ಬಂದಿದ್ದಾರೆ. ತಾವು ಎಲ್ಲಿದ್ದೇವೆ ಅನ್ನುವುದು ಒಬ್ಬನಿಗೆ ಗೊತ್ತಾಗಬಾರದು.

ಫೋಟೋ ಅವತ್ತೇ ತೆಗೆದೆ. ಹದಿನೆಂಟು ಗಂಟೆ ಅದು ಅಲ್ಲಿತ್ತು. ಯಾರು ನೋಡಿದರೋ, ಯಾರು ಉಳಿಸಿಕೊಂಡರೋ ನನಗೆ ಗೊತ್ತಿಲ್ಲ. ಆದರೆ ಮನಸ್ಸಿನಲ್ಲಿ ಉಳಿದದ್ದು ಬೇರೆ. ಒಂದು ಫೋಟೋ ತೆಗೆದುಹಾಕಿಸಲು ಆ ಹೆಂಗಸು ತನ್ನ ಬದುಕಿನ ಅತಿ ಗುಟ್ಟಿನ ಮಾತನ್ನು ಹೆಚ್ಚುಕಡಿಮೆ ಅಪರಿಚಿತಳಾದ ನನ್ನ ಮುಂದೆ, ಬಾಗಿಲ ಬಳಿ ನಿಂತು ಹೇಳಬೇಕಾಯಿತು. ಯಾಕೆ ಅಂತ ನಾನು ಕೇಳಿದ್ದೇ ತಪ್ಪು. ಬೇಡ ಅಂದರೆ ಬೇಡ, ಅದಕ್ಕೆ ಕಾರಣ ಯಾಕೆ ಬೇಕಿತ್ತು?

ಸಹಿ ಹಾಕಿಸಿಕೊಂಡಿದ್ದೇವಲ್ಲ ಅನ್ನುತ್ತಾರೆ ಸಹೋದ್ಯೋಗಿಗಳು. ಹಾಕಿಸಿಕೊಂಡಿದ್ದೇವೆ. ದಾಖಲಾತಿ ದಿನ, ಕೌಂಟರಿನ ಮುಂದೆ, ಹಿಂದೆ ಸಾಲು ನಿಂತಿರುವಾಗ, ಹನ್ನೊಂದು ಪುಟದ ಫಾರಂ. ಅದರ ಒಂಬತ್ತನೇ ಪುಟದಲ್ಲಿ ಒಂದು ಸಾಲು: ‘ಶಾಲೆಯ ಉದ್ದೇಶಗಳಿಗೆ ಮಗುವಿನ ಚಿತ್ರ ಬಳಸಲು ಒಪ್ಪಿಗೆ ಇದೆ.’ ಶಾಲೆಯ ಉದ್ದೇಶ ಅಂದರೆ ಗೋಡೆಯ ಮೇಲಿನ ನೋಟಿಸ್ ಬೋರ್ಡೂ ಹೌದು, ನನ್ನ ಇನ್‌ಸ್ಟಾಗ್ರಾಂ ರೀಲೂ ಹೌದು. ಎರಡಕ್ಕೂ ಒಂದೇ ಟಿಕ್. ಸೀಟು ಸಿಗುವ ಹೊತ್ತಿನಲ್ಲಿ ಯಾವ ಅಪ್ಪ ಅಮ್ಮ ಈ ಸಾಲು ಬೇಡ ಅಂತ ಪೆನ್ನು ನಿಲ್ಲಿಸುತ್ತಾರೆ?

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದ್ದು ಸ್ವೀಡನ್ನಿನ ದತ್ತಾಂಶ ರಕ್ಷಣಾ ಪ್ರಾಧಿಕಾರ. ವಿಷಯ ಬೇರೆ, ಫೇಸ್‌ಬುಕ್ ಅಲ್ಲ. ಶೆಲೆಫ್ಟಿಯೋ ಎಂಬ ಊರಿನ ಒಂದು ಶಾಲೆ 22 ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಕ್ಯಾಮೆರಾವನ್ನು ಮೂರು ವಾರ ಇಟ್ಟು ನೋಡಿತ್ತು. ಒಪ್ಪಿಗೆ ಪಡೆದೇ ಮಾಡಿದ್ದರು. ಆದರೂ 2019ರ ಆಗಸ್ಟಿನಲ್ಲಿ 2 ಲಕ್ಷ ಕ್ರೋನಾ ದಂಡ ಬಿತ್ತು. ಒಪ್ಪಿಗೆ ಇತ್ತು ಅನ್ನುವ ವಾದ ನಡೆಯಲಿಲ್ಲ. ಮಕ್ಕಳು ಶಾಲೆಯ ಕೈಕೆಳಗೆ ಇರುವವರು, ಅಲ್ಲಿ ಸಮಬಲ ಇಲ್ಲ, ಹಾಗಾಗಿ ಅದನ್ನು ಮುಕ್ತ ಒಪ್ಪಿಗೆ ಎನ್ನಲಾಗದು ಎಂದಿತು ಪ್ರಾಧಿಕಾರ. ಅದನ್ನು ಓದುವಾಗ ‘ಸ್ವಲ್ಪ ನಗೋ’ ಅಂತ ನಾನು ಹೇಳಿದ್ದು, ಅವನು ನಕ್ಕಿದ್ದು ನೆನಪಾಯಿತು. ಮಿಸ್ ಹೇಳಿದರೆ ನಗಬೇಕು. ಅವನಿಗೆ ಬೇರೆ ದಾರಿ ಎಲ್ಲಿತ್ತು?

ಕಾನೂನಿನ ಮಾತು ಬಂದಾಗ ನಮ್ಮವರು ಬೇಗ ಆಕಳಿಸುತ್ತಾರೆ, ಅದಕ್ಕೆ ಚಿಕ್ಕದಾಗಿ ಹೇಳುತ್ತೇನೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿತನ ಇದೆ ಎನ್ನುತ್ತದೆ. ಇಂಟರ್ನೆಟ್ಟಿಗೂ ಅದು ಅನ್ವಯ ಎಂದು 2021ರಲ್ಲಿ ಮಕ್ಕಳ ಹಕ್ಕುಗಳ ಸಮಿತಿ ಬಿಡಿಸಿ ಹೇಳಿತು. ಫ್ರಾನ್ಸ್ 2024ರಲ್ಲಿ ಮಾಡಿದ ಕಾನೂನು ಹೆತ್ತವರಿಗೇ ಬುದ್ಧಿ ಹೇಳುತ್ತದೆ: ಮಗುವಿನ ಚಿತ್ರದ ಹಕ್ಕನ್ನು ಇಬ್ಬರೂ ಸೇರಿ ಕಾಯಬೇಕು, ವಯಸ್ಸಿಗೆ ತಕ್ಕಂತೆ ಮಗುವನ್ನೂ ಕೇಳಬೇಕು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಬೇಕು. ನನಗೆ ತಮಾಷೆ ಅನ್ನಿಸುವುದು ಮಾತ್ರ ಇನ್ನೊಂದು ನಿಯಮ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ 13 ವರ್ಷ ಆಗದವರು ಖಾತೆ ತೆರೆಯುವ ಹಾಗಿಲ್ಲ ಎನ್ನುತ್ತವೆ. ಆ ಬಾಗಿಲಿನಿಂದ ಒಂದನೇ ಕ್ಲಾಸಿನ ಮಕ್ಕಳನ್ನು ನಾವೇ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತೇವೆ.

ಹಾಗಂತ ಫೋಟೋನೇ ಬೇಡ ಅನ್ನುವವರ ಪಕ್ಷಕ್ಕೆ ನಾನು ಸೇರಿಲ್ಲ. ದೂರದಲ್ಲಿ ಕೆಲಸಕ್ಕಿರುವ ಅಪ್ಪ ಮಗ ವೇದಿಕೆ ಹತ್ತಿದ್ದನ್ನು ನೋಡುವುದು ಆ ಒಂದು ಫೋಟೋದಲ್ಲೇ. ಅದು ಅವನಿಗೆ ತಲುಪಬೇಕು. ಆದರೆ ಅವನಿಗೆ ತಲುಪಿಸುವುದೇ ಬೇರೆ, ಊರಿಗೆಲ್ಲ ಹಂಚುವುದೇ ಬೇರೆ. ನಾವು ಎರಡನ್ನೂ ಒಂದೇ ಬಟನ್ನಿನಲ್ಲಿ ಮಾಡುತ್ತಿದ್ದೆವು.

ಈಗ ನಮ್ಮ ಶಾಲೆಯಲ್ಲಿ ಶಾಲೆಯದೇ ಒಂದು ಫೋನಿದೆ, ಫೋಟೋ ತೆಗೆಯುವುದು ಅದರಲ್ಲೇ. ಸಂಜೆ ಅದು ಬೀರುವಿನೊಳಗೆ ಹೋಗುತ್ತದೆ. ಹೊರಗೆ ಹಾಕುವ ಚಿತ್ರಗಳಲ್ಲಿ ಮಣ್ಣಾದ ಕೈ, ಬಣ್ಣದ ಚಿತ್ರ, ಸಾಲಾಗಿ ಬಿಟ್ಟ ಚಪ್ಪಲಿ, ಓಡುತ್ತಿರುವವರ ಬೆನ್ನು. ಮೊದಮೊದಲು ಇದು ಸಪ್ಪೆ ಅನ್ನಿಸಿತು. ಲೈಕು ನೆಲ ಕಚ್ಚಿತು. ಮುಖಕ್ಕೆ ಇಮೋಜಿ ಅಂಟಿಸುವುದನ್ನು ಎರಡು ಸಲ ಮಾಡಿ ಬಿಟ್ಟೆವು. ಇಪ್ಪತ್ತು ಮುಖದ ನಡುವೆ ಒಂದಕ್ಕೆ ಮಾತ್ರ ಹಳದಿ ಗುಂಡು ಅಂಟಿಸಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ತಪ್ಪನ್ನೂ ಮಾಡಿದೆವು. ಬೇಡ ಅಂದವರ ಪಟ್ಟಿ ಮಾಡಿಕೊಂಡೆವು. ಒಂದು ದಿನ ಕ್ಲಾಸಿನ ಫೋಟೋ ತೆಗೆಯುವಾಗ ನಮ್ಮವರೊಬ್ಬರು ಪಟ್ಟಿ ನೋಡಿ, ‘ನೀನು ಈ ಕಡೆ ಬಾ, ನಿಮ್ಮಮ್ಮ ಬೇಡ ಅಂದಿದ್ದಾರೆ’ ಅಂತ ಆ ಹೊಸ ಹುಡುಗಿಯನ್ನು ಎಲ್ಲರೆದುರು ಸಾಲಿನಿಂದ ಹೊರಗೆ ಕರೆದರು. ಅವಳು ಗೋಡೆಗೆ ಒರಗಿ ನಿಂತು ತನ್ನ ಕ್ಲಾಸು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿದಳು. ಯಾಕೆ, ಏನು ಅಂತ ಮಿಕ್ಕ ಮಕ್ಕಳು ಅವಳನ್ನು ವಾರಪೂರ್ತಿ ಕೇಳಿದರು. ಈಗ ಕ್ಲಾಸಿನ ಫೋಟೋದಲ್ಲಿ ಎಲ್ಲರೂ ಇರುತ್ತಾರೆ. ಅದನ್ನು ಪ್ರಿಂಟ್ ಹಾಕಿಸಿ ಮನೆಗಷ್ಟೇ ಕೊಡುತ್ತೇವೆ. ಅವಳ ಅಮ್ಮನನ್ನು ಕೇಳಿಯೇ ಹೀಗೆ ಮಾಡಿದ್ದು. ಪ್ರಿಂಟನ್ನೂ ಯಾರೋ ಫೋನಿನಲ್ಲಿ ಹೊಡೆದುಕೊಂಡು ಹಾಕಬಹುದು, ಅದು ನಮ್ಮ ಕೈಯಲ್ಲಿಲ್ಲ. ಹಾಕಬೇಡಿ ಅಂತ ಕವರಿನ ಮೇಲೆ ಬರೆದು ಕೊಡುತ್ತೇವೆ. ಹೆಚ್ಚಿನವರು ಕೇಳುತ್ತಾರೆ.

ಬ್ಯಾಗಿನ ಫೋಟೋವನ್ನು ನನ್ನ ಪುಟದಿಂದ ಎಂದೋ ತೆಗೆದೆ. ಸಂಸ್ಥೆಯವರ ಪುಟದಲ್ಲಿ ಇನ್ನೂ ಇದೆ. ಎರಡು ಸಲ ಮೆಸೇಜ್ ಮಾಡಿದೆ. ‘ಒಳ್ಳೆ ಫೋಟೋ ಮೇಡಂ, ಇರಲಿ ಬಿಡಿ’ ಅಂತ ಒಂದು ಉತ್ತರ ಬಂತು, ಜೊತೆಗೆ ಕೈ ಮುಗಿದ ಚಿಹ್ನೆ. ಆ ಹುಡುಗನಿಗೆ ಈಗ ಮೀಸೆ ಬಂದಿದೆ. ರಸ್ತೆಯಲ್ಲಿ ಸಿಕ್ಕರೆ ನಮಸ್ತೆ ಮಿಸ್ ಅನ್ನುತ್ತಾನೆ. ಆ ಫೋಟೋದ ಮಾತನ್ನು ನಾನು ಎತ್ತಿಲ್ಲ, ಅವನೂ ಎತ್ತಿಲ್ಲ.

ಆ ಭಾನುವಾರ ಗ್ಯಾಲರಿಯಿಂದ ಸಾವಿರದ ಎಂಟುನೂರು ಫೋಟೋ ತೆಗೆದೆ. ಮನೆಯವರಿಗೆ ಬೇಕಾಗಬಹುದು ಅನ್ನಿಸಿದ್ದನ್ನು ಮೊದಲು ಅವರವರಿಗೆ ಕಳಿಸಿ, ಆಮೇಲೆ ಅಳಿಸಿದೆ. ಹಲ್ಲಿಲ್ಲದ ಎರಡನೇ ಕ್ಲಾಸಿನವಳಿಗೂ ಅವಳದನ್ನು ಕಳಿಸಿದೆ. ‘ಅಯ್ಯೋ ಮಿಸ್, ಇದನ್ನ ಯಾರಿಗೂ ತೋರಿಸ್ಬೇಡಿ’ ಅಂತ ಬರೆದಳು.

ಹೋದ ವಾರ ನಮ್ಮಲ್ಲಿ ಬಹುಮಾನ ವಿತರಣೆ. ಶಾಲೆಯ ಫೋನು ಚಾರ್ಜ್ ಖಾಲಿಯಾಗಿ ಆಫ್ ಆಗಿತ್ತು. ಅಭ್ಯಾಸಬಲ, ನನ್ನದನ್ನೇ ತೆಗೆದೆ. ಆರನೇ ಕ್ಲಾಸಿನ ಹುಡುಗಿಯ ಫೋಟೋ ಹೊಡೆದೆ. ಅವಳು ಕಪ್ಪು ಹಿಡಿದುಕೊಂಡೇ ವೇದಿಕೆ ಇಳಿದು ನೇರ ನನ್ನ ಹತ್ತಿರ ಬಂದಳು.

‘ಮಿಸ್, ತೋರ್ಸಿ.’

ತೋರಿಸಿದೆ. ಮೂಗು ಮುರಿದಳು. ‘ಚೆನ್ನಾಗಿಲ್ಲ. ಡಿಲೀಟ್ ಮಾಡಿ.’

ಅವಳ ಮುಂದೆಯೇ ಮಾಡಿದೆ. ಅವಳು ಅಲ್ಲಿಂದ ಕದಲಲಿಲ್ಲ. ಫೋನನ್ನೇ ನೋಡುತ್ತಾ ನಿಂತಿದ್ದಳು.

‘ಬಿನ್‌ನಲ್ಲಿ ಇನ್ನೂ ಇರತ್ತೆ ಮಿಸ್,’ ಅಂದಳು. ‘ಅಲ್ಲಿಂದಾನೂ ತೆಗೀರಿ.’